ಕೊನೆಯ ಗಿಡಕ್ಕೂ ನೀರು

ಅಕ್ಕಂದಿರೇ, ಹಿತ್ತಲದಲ್ಲಿ ಕಾಯಿಪಲ್ಲೆ ಬೆಳೆಯುವುದನ್ನು ಹಿಂದಿನ ಪಾಠದಲ್ಲಿ ಓದಿದೆವು. ಈಗ ಅದಕ್ಕೆ ನೀರುಣಿಸುವ ಮಾತು.

ನಮ್ಮ ಹುಲಿಗಿಯ ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ. ಆದರೆ ಹಿತ್ತಲದ ಬದನಿ ಗಿಡಕ್ಕೆ ಹೊಳೆ ತಾನಾಗಿ ಬರುವುದಿಲ್ಲ. ನಳ ಬಂದಾಗ ನೀರು ಹಿಡಿಯಬೇಕು. ಅಡುಗೆಗೆ, ಕುಡಿಯಲಿಕ್ಕೆ, ದನಕ್ಕೆ ಆಗಿ ಉಳಿದದ್ದು ಗಿಡಕ್ಕೆ. ಅದನ್ನು ಹೊರುವವರು ಯಾರು? ಹೆಣ್ಣುಮಕ್ಕಳೇ ಅಲ್ಲೇನ್ರಿ?

ಅದಕ್ಕೇ ಕೆಲವರು ಸಣ್ಣ ಪೈಪು ಎಳೆದು ಹನಿ ನೀರು ಬಿಡುತ್ತಾರೆ. ಒಳ್ಳೆಯದು. ಆದರೆ ಮೊದಲ ಗಿಡದ ಬುಡ ಕೆಸರಾಗುತ್ತದೆ. ಕೊನೆಯ ಗಿಡದ ಬುಡ ಬಿರುಕು ಬಿಡುತ್ತದೆ. "ಮೋಟಾರ್ ಇಲ್ಲದೆ ಆಗೂದಿಲ್ಲ" ಅಂತ ಮನೆಯಲ್ಲಿ ಮಾತು ಬರುತ್ತದೆ. ದುಡ್ಡು ಬಿಚ್ಚುವ ಮೊದಲು ಸ್ವಲ್ಪ ತಾಳಿರಿ. ನೀರಿನ ಒತ್ತಡ ಅಂದರೇನು ಎಂದು ನೋಡೋಣ.

ಒಂದು ಹಳೆಯ ಡಬ್ಬಿ ತಗೊಳ್ಳಿ. ಮೊಳೆಯಿಂದ ಮೂರು ತೂತು ಮಾಡಿ. ಒಂದು ಮೇಲೆ, ಒಂದು ನಡುವೆ, ಒಂದು ತಳದ ಹತ್ತಿರ. ಎತ್ತರದ ಕಟ್ಟೆಯ ಅಂಚಿಗೆ ಇಟ್ಟು ನೀರು ತುಂಬಿ. ಮೇಲಿನ ತೂತಿನ ನೀರು ಹತ್ತಿರವೇ ಬೀಳುತ್ತದೆ. ತಳದ್ದು ದೂರ ಚಿಮ್ಮುತ್ತದೆ. ಯಾಕೆ? ಅದರ ಮೇಲೆ ಹೆಚ್ಚು ನೀರು ಕೂತಿದೆ. ಮೇಲಿನ ನೀರಿನ ಭಾರ ಕೆಳಗಿನ ನೀರನ್ನು ದಬ್ಬುತ್ತದೆ. ಇದೇ ಒತ್ತಡ.

ಮುನಿರಾಬಾದಿನ ಡ್ಯಾಂ ನೀವೆಲ್ಲ ನೋಡಿದ್ದೀರಿ. ಅದರ ಗೋಡೆ ಮೇಲೆ ತೆಳುವು, ತಳದಲ್ಲಿ ಬಹಳ ದಪ್ಪ. ತಳದಲ್ಲಿ ನೀರಿನ ಒತ್ತಡ ಹೆಚ್ಚು, ಅದಕ್ಕೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿಯ 19ನೇ ಗೇಟಿನ ಚೈನು ಹರಿಯಿತು. ಗೇಟು ಕೊಚ್ಚಿಹೋಯಿತು. ಆಗ ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ನೀರಿನ ಮಟ್ಟ ಇಳಿದರೆ ಒತ್ತಡವೂ ಇಳಿಯುತ್ತದೆ. ಒಂದು ವಾರದಲ್ಲಿ ಆ ಜಾಗಕ್ಕೆ ಉಕ್ಕಿನ ಹಲಗೆ ಇಳಿಸಿ ನೀರು ತಡೆದರು.

ಡ್ಯಾಮಿನಲ್ಲಿ ಒತ್ತಡ ಇಳಿಸಬೇಕಾಯಿತು. ಹಿತ್ತಲದಲ್ಲಿ ತುಸು ಏರಿಸಬೇಕು. ಅದಕ್ಕೆ ನೀರನ್ನು ಎತ್ತರದಲ್ಲಿ ಇಟ್ಟರಾಯಿತು. 200 ಲೀಟರಿನ ಡ್ರಮ್ಮನ್ನು ಒಂದು ಮೀಟರ್, ಅಂದರೆ ಮೂರು ಅಡಿಗಿಂತ ತುಸು ಹೆಚ್ಚು ಎತ್ತರದ ಕಟ್ಟೆಯ ಮೇಲೆ ಇಡಿ. ತುಂಬಿದ ಡ್ರಮ್ ಎಂದರೆ ಎರಡು ಕ್ವಿಂಟಲ್ ಭಾರ. ಬರೀ ಕಲ್ಲು ಒಟ್ಟಿ ಇಡಬೇಡಿ. ಅಲ್ಲಿ ಮಕ್ಕಳು ಆಡುತ್ತಾರೆ.

ಹನಿ ಬೀಳಿಸುವ ಗುಂಡಿಗೆ ಡ್ರಿಪ್ಪರ್ ಎನ್ನುತ್ತಾರೆ. "ಇದು ತಾಸಿಗೆ 4 ಲೀಟರಿಂದು" ಅಂತ ಅಂಗಡಿಯವರು ಹೇಳುತ್ತಾರೆ. ಅದು 10 ಮೀಟರ್ ಎತ್ತರದ ನೀರಿನ ಲೆಕ್ಕ. ನಮ್ಮ ಡ್ರಮ್ಮಿನಿಂದ ಅಷ್ಟು ಬರುವುದಿಲ್ಲ. ಮೊದಲು ತುಸು ಜೋರು, ಡ್ರಮ್ ಖಾಲಿಯಾಗುವಾಗ ಅದರ ಮೂರನೇ ಒಂದು ಪಾಲು. ಗಿಡಕ್ಕೇನೂ ಅವಸರ ಇಲ್ಲ. ಕೊಳ್ಳುವಾಗ "ಡ್ರಮ್ಮಿಗೆ ಹಾಕಬೇಕು" ಅಂತ ಹೇಳಿಯೇ ಕೊಳ್ಳಿ. ಕೆಲವು ದುಬಾರಿ ಡ್ರಿಪ್ಪರ್ ಕಡಿಮೆ ಒತ್ತಡದಲ್ಲಿ ಸರಿಯಾಗಿ ನಡೆಯುವುದಿಲ್ಲ.

ಮೂರು ಅಡಿ ಕಟ್ಟೆ, ಅದರ ಮೇಲೆ ಮೂರು ಅಡಿ ಡ್ರಮ್. ಅಷ್ಟೆತ್ತರ ಕೊಡ ಎತ್ತಿ ಸುರಿಯುವುದು ಯಾರಿಂದ ಆದೀತು? ನಳದ ನೀರು ರಬ್ಬರ್ ಪೈಪಿನಲ್ಲಿ ಡ್ರಮ್ಮಿಗೆ ತಾನೇ ಏರಿದರೆ ಸರಿ. ಏರದಿದ್ದರೆ ಡ್ರಮ್ಮೇ ಬೇಡ. 20 ಲೀಟರ್ ಬಕೆಟ್ಟನ್ನು ಅದೇ ಎತ್ತರಕ್ಕೆ ಇಡಿ. ಒತ್ತಡ ಎತ್ತರದಿಂದ ಬರುತ್ತದೆ, ಪಾತ್ರೆಯ ಅಗಲದಿಂದಲ್ಲ. ಹತ್ತು ಗಿಡಕ್ಕೆ ಬಕೆಟ್ ಸಾಕು.

ಇನ್ನು ಕೊನೆಯ ಗಿಡ. ಉದ್ದ ಪೈಪಿನಲ್ಲಿ ನೀರು ಒಳಗೋಡೆಗೆ ತಿಕ್ಕಿಕೊಂಡು ಹೋಗುತ್ತದೆ. ಹೋದಂತೆಲ್ಲ ಅದರ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಡ್ರಮ್ಮನ್ನು ಮೂಲೆಯಲ್ಲಿ ಇಡದೆ ನಡುವೆ ಇಡಿ. ಎಡಕ್ಕೊಂದು, ಬಲಕ್ಕೊಂದು ಪೈಪು ಬಿಡಿ. ಎರಡಕ್ಕೂ ಬೇರೆ ಬೇರೆ ವಾಲ್ವ್ ಇರಲಿ. ಇವತ್ತು ಎಡಕ್ಕೆ ಬಿಟ್ಟರೆ ನಾಳೆ ಬಲಕ್ಕೆ. ನೆಲ ಇಳಿಜಾರಾಗಿದ್ದರೆ ಡ್ರಮ್ ಎತ್ತರದ ಕಡೆಗೆ ಇರಲಿ.

ಒಮ್ಮೊಮ್ಮೆ ಒತ್ತಡ ಸರಿಯಿದ್ದರೂ ಹನಿ ಬೀಳುವುದಿಲ್ಲ. ಕಸ ಸಿಕ್ಕಿರುತ್ತದೆ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿ. ವಾರಕ್ಕೊಮ್ಮೆ ಪೈಪಿನ ತುದಿ ಬಿಚ್ಚಿ ಕಸ ಹೊರಗೆ ಬಿಡಿ. ಸರಿಯಾಯಿತೋ ಇಲ್ಲವೋ ತಿಳಿಯಲು ಎರಡು ಲೋಟ ಸಾಕು. ಮೊದಲ ಗಿಡದ ಬಳಿ ಒಂದು, ಕೊನೆಯ ಗಿಡದ ಬಳಿ ಒಂದು ಇಡಿ. ಅರ್ಧ ತಾಸು ಬಿಟ್ಟು ಎರಡನ್ನೂ ಹೋಲಿಸಿ ನೋಡಿ.

ಮೋಟಾರಿನ ಬಗ್ಗೆ ಒಂದು ಮಾತು. ಬೀದಿ ನಳದ ಪೈಪಿಗೆ ಮೋಟಾರ್ ಹಚ್ಚಲೇಬೇಡಿ. ಅದು ಪಕ್ಕದ ಮನೆಯ ನೀರನ್ನೂ ಜಗ್ಗುತ್ತದೆ. ಆ ಮನೆಯವರ ಕೊಡ ಖಾಲಿಯೇ ಉಳಿಯುತ್ತದೆ. ಪೈಪು ಎಲ್ಲಾದರೂ ಒಡೆದಿದ್ದರೆ ಗಟಾರದ ಹೊಲಸು ನೀರು ಒಳಗೆ ಬರುತ್ತದೆ. ಕುಡಿದವರಿಗೆ ವಾಂತಿ ಭೇದಿ. ಒದ್ದೆ ಕೈಗೆ ಕರೆಂಟ್ ಹೊಡೆಯುವ ಭಯ ಬೇರೆ.

ಲೆಕ್ಕ ಮಾಡಿ:
ಡ್ರಮ್ಮಿನಲ್ಲಿ 200 ಲೀಟರ್ ನೀರಿದೆ. ಗಿಡಗಳು 40. ಒಂದು ಗಿಡಕ್ಕೆ ಎಷ್ಟು ಲೀಟರ್?
ನಿಮ್ಮ ಹಿತ್ತಲದಲ್ಲಿ ಎಷ್ಟು ಗಿಡಗಳಿವೆ? ಬರೆಯಿರಿ.