ಕೈಮ ಉಂಡೆ ಯಾಕೆ ಕಲ್ಲಾಗುತ್ತೆ? ಮೆತ್ತಗೆ, ರಸ ಉಳಿಯುವಂತೆ ಮಾಡೋದು ಹೇಗೆ?



ಕುರಿಯ ಮೇವು, ಲಸಿಕೆ, ಜಂತುಹುಳು ಔಷಧಿ, ಇವೆಲ್ಲದರ ಬಗ್ಗೆ ನಾವು ಬೇಕಾದಷ್ಟು ಮಾತಾಡ್ತೀವಿ. ಆದರೆ ವರ್ಷವಿಡೀ ಮೇಯಿಸಿ ಬೆಳೆಸಿದ ಟಗರಿನ ಮಾಂಸ ಒಲೆ ಮೇಲೆ ಅರ್ಧ ಗಂಟೆಯಲ್ಲಿ ಹಾಳಾಗೋದರ ಬಗ್ಗೆ ಯಾರೂ ಮಾತಾಡಲ್ಲ. ಈ ವಾರ ಅದೇ ಪಾಠ. ವಿಷಯ: ಕೈಮ ಉಂಡೆ ಸಾರು.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಒಂದು ಹೊಸತೊಡಕಿಗೆ ಉಂಡೆ ಮಾಡೋ ಕೆಲಸ ನಾನೇ ವಹಿಸ್ಕೊಂಡೆ. ಕೊಬ್ಬು ಬೇಡ ಅಂತ ಬರೀ ತೊಡೆ ಮಾಂಸ ತಂದೆ. ನುಣ್ಣಗಾಗಲಿ ಅಂತ ಮಿಕ್ಸಿಯಲ್ಲಿ ಮೂರು ಸಲ ತಿರುಗಿಸಿದೆ. ಹಸಿ ಉಳಿಯಬಾರದು ಅಂತ ಸಾರನ್ನ ಮುಕ್ಕಾಲು ಗಂಟೆ ಕುದಿಸಿದೆ. ನೋಡೋಕೆ ಉಂಡೆ ಚೆನ್ನಾಗೇ ಇದ್ದವು. ನಮ್ಮ ತಾತನಿಗೆ ಹಲ್ಲಿಲ್ಲ, ಬಾಡಿನೂಟದಲ್ಲಿ ಅವರು ತಿನ್ನೋದು ಕೈಮ ಉಂಡೆ ಮಾತ್ರ. ಅವತ್ತು ಒಂದು ಉಂಡೆ ಬಾಯಿಗಿಟ್ಟು, ಉಳಿದೆರಡನ್ನ ಎಲೆ ಅಂಚಿಗೆ ತಳ್ಳಿ, ಮುದ್ದೆಗೆ ಬರೀ ಸಾರು ನೆಂಚಿಕೊಂಡು ಎದ್ದರು. ಏನೂ ಅನ್ನಲಿಲ್ಲ. ಅಂದಿದ್ರೇ ವಾಸಿ ಇತ್ತು.

ಆಮೇಲೆ ಕೇಳಿ, ಓದಿ, ಮತ್ತೆ ಮತ್ತೆ ಮಾಡಿ ನೋಡಿ ಕಲಿತಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೂಲ ವಿಷಯ: ಮಾಂಸದಲ್ಲಿರೋದು ಬಹುಪಾಲು ನೀರು

ಕೊಬ್ಬಿಲ್ಲದ ಮಾಂಸದಲ್ಲಿ ನೂರಕ್ಕೆ ಸುಮಾರು 75 ಭಾಗ ನೀರು. ಆ ನೀರನ್ನ ಹಿಡಿದಿಡೋದು ಪ್ರೋಟೀನ್ ಎಳೆಗಳು. ಬಿಸಿ ತಾಗಿದಾಗ ಎಳೆಗಳು ಕುಗ್ಗುತ್ತವೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಹೊರಗೆ ಬರುತ್ತೆ. ಕೈಮ ಮಾಡಿದಾಗ ಎಳೆಗಳು ತುಂಡಾಗಿರೋದರಿಂದ ನೀರು ಇನ್ನೂ ಸುಲಭವಾಗಿ ಓಡುತ್ತೆ. ಉಂಡೆ ಮೆತ್ತಗಿರಬೇಕು ಅಂದ್ರೆ ಆ ನೀರನ್ನ ಒಳಗೇ ಉಳಿಸಬೇಕು. ಹೊಲದಲ್ಲಿ ತೇವ ಉಳಿಸೋಕೆ ಮುಚ್ಚಿಗೆ ಹಾಕ್ತೀವಲ್ಲ, ಹಾಗೇ ಇಲ್ಲೂ ನಾಲ್ಕು ಕಡೆ ಕಾವಲು ಬೇಕು.

1. ಮಾಂಸದ ಆಯ್ಕೆ

ತೊಡೆಗಿಂತ ಭುಜ ಮತ್ತು ಕತ್ತಿನ ಮಾಂಸ ಕೈಮಕ್ಕೆ ಒಳ್ಳೇದು. 1 ಕೆಜಿ ಕೈಮದಲ್ಲಿ 150ರಿಂದ 200 ಗ್ರಾಂ ಕೊಬ್ಬು ಇರಲಿ. ಕೊಬ್ಬು ಎಳೆಗಳ ನಡುವೆ ಸೇರಿಕೊಂಡು ಉಂಡೆ ಬಿಗಿಯಾಗದಂತೆ ನೋಡ್ಕೊಳ್ಳುತ್ತೆ. ಮಳವಳ್ಳಿ ಕಡೆಯ ಬಂಡೂರು ಕುರಿ ಮಾಂಸಕ್ಕೆ ಹೆಸರು ಬಂದಿರೋದೂ ಅದರ ಮೆದುತನದಿಂದಲೇ.

ವಯಸ್ಸಾದ ಕುರಿಯಾದ್ರೆ ಚಿಂತೆ ಬೇಡ. ಅದರ ಮಾಂಸ ತುಂಡಾಗಿ ಬೇಯಿಸಿದ್ರೆ ನಾರು, ಆದರೆ ಕೈಮಕ್ಕೆ ಆಗುತ್ತೆ. ಬಿಳಿ ಪೊರೆ ಮತ್ತು ನರಗಳನ್ನ ಮಾತ್ರ ಚಾಕುವಿನಲ್ಲಿ ಬಿಡಿಸಿ ತೆಗೀಬೇಕು. ಅವು ಸಣ್ಣ ಉರಿಯಲ್ಲಿ ಹದಿನೈದು ನಿಮಿಷಕ್ಕೆ ಕರಗೋ ವಸ್ತು ಅಲ್ಲ, ಉಂಡೆಯೊಳಗೆ ರಬ್ಬರ್ ಚೂರಿನಂತೆ ಸಿಗ್ತವೆ.

ಇನ್ನೊಂದು ಮಾತು. ಕುಯ್ದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತೆ, ಆಮೇಲೆ ನಿಧಾನಕ್ಕೆ ಸಡಿಲಾಗುತ್ತೆ. ಸೆಟೆದ ಹೊತ್ತಲ್ಲಿ ಬೇಯಿಸಿದ್ರೆ ಗಟ್ಟಿ. ಹಬ್ಬದ ದಿನ ಬೆಳಗಿನ ಜಾವ ಕುಯ್ದು ಮಧ್ಯಾಹ್ನ ಬೇಯಿಸಿದಾಗ ಆಗೋದು ಇದೇ. ಹಾಗಾಗಿ ಒಂದೆರಡು ಗಂಟೆಯೊಳಗೇ ಕೈಮ ಮಾಡಿ ಬೇಯಿಸಿ, ಇಲ್ಲವೇ ಫ್ರಿಜ್‌ನಲ್ಲಿಟ್ಟು ಮರುದಿನ ಮಾಡಿ. ಬೆಚ್ಚಗಿರೋ ಮಾಂಸವನ್ನ ನೇರ ಫ್ರೀಜರ್‌ಗೆ ತುರುಕಬೇಡಿ, ಸ್ನಾಯು ಸೆಳೆದುಕೊಂಡು ಇನ್ನೂ ಬಿಗಿಯಾಗುತ್ತೆ. ಕುಯ್ಯೋ ಮುಂಚೆ ಪ್ರಾಣಿಯನ್ನ ಓಡಿಸಿ ದಣಿಸಬೇಡಿ, ನೀರು ಕೊಟ್ಟು ನೆರಳಲ್ಲಿ ನಿಲ್ಲಿಸಿ. ದಣಿದ ಪ್ರಾಣಿಯ ಮಾಂಸ ಕಪ್ಪಾಗಿರುತ್ತೆ, ಬೇಗ ಕೆಡುತ್ತೆ.

2. ಕೊಚ್ಚುವುದು

ಅಂಗಡಿಯವರು ಮರದ ದಿಮ್ಮಿ ಮೇಲೆ ಮಚ್ಚಿನಿಂದ ಕೊಚ್ಚಿ ಕೊಟ್ಟರೆ ಅದೇ ಉತ್ತಮ. ಮಿಕ್ಸಿಯೇ ಗತಿ ಅಂದ್ರೆ, ಮಾಂಸವನ್ನ ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ತಣ್ಣಗೆ ಮಾಡಿ, ಸ್ವಲ್ಪ ಸ್ವಲ್ಪವೇ ಹಾಕಿ ಎರಡು ಮೂರು ಸಲ ತಟಕ್ ತಟಕ್ ಅಂತ ತಿರುಗಿಸಿ ನಿಲ್ಲಿಸಿ. ಬಿಡದೆ ತಿರುಗಿಸಿದ್ರೆ ಬ್ಲೇಡ್ ಬಿಸಿಗೆ ಕೊಬ್ಬು ಸವರಿದಂತಾಗಿ, ಮಾಂಸ ಅಂಟಾಗುತ್ತೆ. ಬೆಂದಾಗ ಕೊಬ್ಬು ಸಾರಿಗೆ ಹೋಗುತ್ತೆ, ಉಂಡೆ ಒಣಗುತ್ತೆ.

3. ಕಲಸುವುದು

1 ಕೆಜಿ ಕೈಮಕ್ಕೆ ನಾನು ಹಾಕೋ ಲೆಕ್ಕ:

- ಹುರಿಗಡಲೆ ಪುಡಿ 60ರಿಂದ 80 ಗ್ರಾಂ
- ತಣ್ಣೀರು 4 ದೊಡ್ಡ ಚಮಚ
- ಪುಡಿ ಉಪ್ಪು 12 ಗ್ರಾಂ, ಅಂದ್ರೆ ಸುಮಾರು 2 ಸಣ್ಣ ಚಮಚ
- ಮೊಟ್ಟೆ 1
- ಮಧ್ಯಮ ಈರುಳ್ಳಿ 2, ಬಾಡಿಸಿ ಆರಿಸಿದ್ದು
- ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಕೊತ್ತಂಬರಿ, ಪುದೀನ, ತೆಂಗಿನತುರಿ ನಿಮ್ಮ ಮನೆ ರುಚಿಗೆ, ನೀರಿಲ್ಲದೆ ರುಬ್ಬಿದ್ದು

ಹುರಿಗಡಲೆ ಬರೀ ಅಂಟಿಗೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಅದರ ದೊಡ್ಡ ಕೆಲಸ ಮಾಂಸ ಬಿಡೋ ರಸವನ್ನ ಹೀರಿ ಉಂಡೆಯೊಳಗೇ ಇಡೋದು, ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳದಂತೆ ನಡುವೆ ನಿಲ್ಲೋದು. ಸ್ವೀಡನ್‌ನವರು ಮಾಂಸದ ಉಂಡೆಗೆ ಹಾಲಲ್ಲಿ ನೆನೆಸಿದ ಬ್ರೆಡ್ ಪುಡಿ ಹಾಕೋದೂ ಇದೇ ಕಾರಣಕ್ಕೆ. ಹಾಗಾಗಿ ಪುಡಿಯನ್ನ ಒಣದಾಗಿ ಉದುರಿಸಬೇಡಿ. ತಣ್ಣೀರಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು ಸೇರಿಸಿ. ಒಣ ಪುಡಿ ಮಾಂಸದ ನೀರನ್ನೇ ಕುಡಿಯುತ್ತೆ.

ಈರುಳ್ಳಿ ಬಾಡಿಸಿ ಹಾಕಿ. ಹಸಿದು ಹಾಕಿದ್ರೆ ಉಪ್ಪಿಗೆ ನೀರು ಬಿಟ್ಟು ಉಂಡೆ ಒಡೆಯುತ್ತೆ.

ಉಪ್ಪು ಕೊನೆಯಲ್ಲಿ. ಉಪ್ಪು ಸೋಕಿದ ಮಾಂಸವನ್ನ ನಾದಿದಷ್ಟೂ ಅಂಟು ಬರುತ್ತೆ. ಸ್ವಲ್ಪ ಅಂಟು ಬೇಕೇ ಬೇಕು, ಇಲ್ಲದಿದ್ರೆ ಉಂಡೆ ನಿಲ್ಲಲ್ಲ. ಜಾಸ್ತಿಯಾದ್ರೆ ಚೆಂಡು. ಬೆರಳು ಬಿಡಿಸಿಕೊಂಡು ಒಂದೂವರೆಯಿಂದ ಎರಡು ನಿಮಿಷ ಕಲಸಿ, ಸಾಕು. ರಾಗಿ ಮುದ್ದೆ ಹಾಗೆ ಅಂಗೈಯಲ್ಲಿ ಒತ್ತಿ ನಾದಬೇಡಿ. ಉಂಡೆ ಕಟ್ಟುವಾಗಲೂ ಕೈ ಒದ್ದೆ ಮಾಡ್ಕೊಂಡು ಹಗುರವಾಗಿ ಉರುಳಿಸಿ. ನಿಂಬೆ ಗಾತ್ರದ, 30 ಗ್ರಾಂ ತೂಕದ ಉಂಡೆಯಾದ್ರೆ ನಲವತ್ತರ ಆಸುಪಾಸು ಬರ್ತವೆ.

ಪರಂಗಿಕಾಯಿ ಹಾಕಬಹುದಾ ಅಂತ ಕೇಳೋರಿದ್ದಾರೆ. ತುಂಡು ಮಾಂಸಕ್ಕೆ ಸರಿ, ಕೈಮ ಉಂಡೆಗೆ ಬೇಡ. ಅದು ಹಿಡಿತವನ್ನೇ ಕರಗಿಸಿ ಉಂಡೆಯನ್ನ ಹಿಟ್ಟು ಹಿಟ್ಟು ಮಾಡುತ್ತೆ.

4. ಬೇಯಿಸುವುದು

ಇಲ್ಲೇ ಜಾಸ್ತಿ ಜನ ಎಡವೋದು. ಮಾಂಸ 60 ಡಿಗ್ರಿ ಸೆಲ್ಸಿಯಸ್ ದಾಟಿದಾಗಿಂದ ಜೋರಾಗಿ ನೀರು ಬಿಡೋಕೆ ಶುರುಮಾಡುತ್ತೆ. ಕೈಮ ಸುರಕ್ಷಿತವಾಗಿ ಬೇಯೋಕೆ ಉಂಡೆಯ ನಡುವೆ 71 ಡಿಗ್ರಿ ಬಂದರೆ ಸಾಕು. ಅಲ್ಲಿಂದ ಮೇಲೆ ಬೇಯಿಸಿದಷ್ಟೂ ರಸ ಕಳ್ಕೊಳ್ತೀರಿ.

- ಮೊದಲು ಸಾರಿನ ಮಸಾಲೆ ಪೂರ್ತಿ ಕುದಿಸಿ, ಹಸಿ ವಾಸನೆ ಹೋಗಲಿ.
- ಉರಿ ಸಣ್ಣ ಮಾಡಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಂತಿರಲಿ.
- ಅಗಲ ಪಾತ್ರೆಯಲ್ಲಿ ಉಂಡೆಗಳನ್ನ ಒಂದೊಂದಾಗಿ ಬಿಡಿ, ಒಂದರ ಮೇಲೊಂದು ಬೇಡ.
- ಐದು ನಿಮಿಷ ಸೌಟು ಮುಟ್ಟಬೇಡಿ. ಆಮೇಲೂ ಪಾತ್ರೆಯ ಕಿವಿ ಹಿಡಿದು ಅಲ್ಲಾಡಿಸಿ ಅಷ್ಟೇ.
- ಮೊಬೈಲ್‌ನಲ್ಲಿ 12 ನಿಮಿಷಕ್ಕೆ ಟೈಮರ್ ಇಡಿ. ಒಂದು ಉಂಡೆ ತೆಗೆದು ನಡುವೆ ಥರ್ಮಾಮೀಟರ್ ಚುಚ್ಚಿ ನೋಡಿ. 71 ಬಂದಿಲ್ಲ ಅಂದ್ರೆ ಇನ್ನೆರಡು ಮೂರು ನಿಮಿಷ ಬಿಟ್ಟು ಮತ್ತೆ ನೋಡಿ.
- ಒಲೆ ಆರಿಸಿ, ಮುಚ್ಚಿ, ಹತ್ತು ನಿಮಿಷ ಸಾರಲ್ಲೇ ಬಿಡಿ.

ಕುಕ್ಕರ್ ಬೇಡ. ಕರಿಯೋ ರೂಢಿ ಇದ್ದರೆ ಮೇಲೆ ಬಣ್ಣ ಬರುವಷ್ಟು ಮಾತ್ರ ಕರಿದು, ಉಳಿದದ್ದನ್ನ ಸಾರಲ್ಲಿ ಬೇಯಿಸಿ. ಕುರಿ ಕೊಬ್ಬು ಆರಿದಾಗ ಬೇಗ ಹೆಪ್ಪುಗಟ್ಟುತ್ತೆ, ಅದಕ್ಕೇ ಬಿಸಿಬಿಸಿಯಾಗಿ ಬಡಿಸಿ.

ಎಲ್ಲಕ್ಕಿಂತ ಮುಂಚೆ: ಪರೀಕ್ಷೆ ಉಂಡೆ

ಬಿತ್ತೋ ಮುಂಚೆ ಬೀಜದ ಮೊಳಕೆ ಪರೀಕ್ಷೆ ಮಾಡ್ತೀವಲ್ಲ? ಹಾಗೇ ಒಂದೇ ಒಂದು ಉಂಡೆ ಕಟ್ಟಿ ಮೊದಲು ಬೇಯಿಸಿ ತಿಂದು ನೋಡಿ.

- ಒಡೆದು ಹೋಯ್ತಾ? ಕಲಸಿದ್ದು ಸಾಲದು, ಇಲ್ಲವೇ ಈರುಳ್ಳಿ ನೀರು. ಇನ್ನರ್ಧ ನಿಮಿಷ ಕಲಸಿ, ಹತ್ತು ಹದಿನೈದು ನಿಮಿಷ ಫ್ರಿಜ್‌ನಲ್ಲಿಡಿ.
- ಒಣಗಿ ಪುಡಿಪುಡಿ ಆಯ್ತಾ? ಕೊಬ್ಬು ಕಡಿಮೆ. ಸಣ್ಣಗೆ ಕೊಚ್ಚಿದ ಕೊಬ್ಬು ಅಥವಾ ಎರಡು ಚಮಚ ತಣ್ಣೀರು ಸೇರಿಸಿ.
- ಹಿಟ್ಟು ತಿಂದ ಹಾಗಿದೆಯಾ? ಹುರಿಗಡಲೆ ಜಾಸ್ತಿ. ಕೈಮ ಸೇರಿಸಿ.
- ಚೆಂಡಿನಂತೆ ಪುಟಿಯುತ್ತಾ? ನಾದಿದ್ದು ಜಾಸ್ತಿ. ಇದಕ್ಕೆ ಮಾತ್ರ ಮದ್ದಿಲ್ಲ, ಮುಂದಿನ ಸಲ ಕೈ ತಡೀರಿ.

ಸುರಕ್ಷತೆ ಮರೀಬೇಡಿ

ತುಂಡು ಮಾಂಸದಲ್ಲಿ ರೋಗಾಣು ಹೆಚ್ಚಾಗಿ ಮೇಲ್ಮೈಯಲ್ಲಿರುತ್ತೆ. ಕೊಚ್ಚಿದಾಗ ಅದು ಒಳಗೆಲ್ಲ ಸೇರುತ್ತೆ. ಹಾಗಾಗಿ ಮೆತ್ತಗಿರಲಿ ಅಂತ ಅರೆಬೆಂದದ್ದು ತಿನ್ನಬೇಡಿ. ಬಣ್ಣ ನೋಡಿ ಬೆಂದಿದೆ ಅನ್ನೋದೂ ನಂಬಿಕೆಯ ಮಾತಲ್ಲ, ಥರ್ಮಾಮೀಟರೇ ಸಾಕ್ಷಿ. ನಾಟಿ ಕೋಳಿ ಕೈಮವಾದ್ರೆ 74 ಡಿಗ್ರಿ ಬರಬೇಕು. ಹಸಿ ಕೈಮ ಫ್ರಿಜ್‌ನಲ್ಲಿ ಒಂದೆರಡು ದಿನ ಮಾತ್ರ. ಬೆಂದ ಸಾರು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬೇಡ, ಬೇಸಿಗೆಯಲ್ಲಿ ಒಂದೇ ಗಂಟೆ. ಸಂತೆ, ಜಾತ್ರೆಯಲ್ಲಿ ಮಾರೋ ಆಲೋಚನೆ ಇದ್ದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸ್ಕೊಳ್ಳಿ.

ಈ ವಾರದ ಮನೆಗೆಲಸ

ಒಮ್ಮೆಗೇ ಹಬ್ಬಕ್ಕೆ ಮಾಡೋಕೆ ಹೋಗ್ಬೇಡಿ. ಅರ್ಧ ಕೆಜಿ ಕೈಮ ತಂದು ಎರಡು ಪಾಲು ಮಾಡಿ. ಒಂದು ಪಾಲು ನಿಮ್ಮ ಎಂದಿನ ರೀತಿ, ಇನ್ನೊಂದು ಈ ಲೆಕ್ಕದಲ್ಲಿ. ಎರಡೂ ತಿಂದು ನೋಡಿ. ಎಷ್ಟು ಗ್ರಾಂ, ಎಷ್ಟು ನಿಮಿಷ ಅಂತ ಮೊಬೈಲ್‌ನಲ್ಲೇ ಬರೆದಿಟ್ಕೊಳ್ಳಿ.

ಮರುವರ್ಷದ ಹೊಸತೊಡಕಿಗೆ ನಾನೂ ಹೀಗೇ ಮಾಡಿದೆ. ತಾತ ಮೂರು ಉಂಡೆ ತಿಂದು, ನಾಲ್ಕನೆಯದಕ್ಕೆ ಎಲೆ ತೋರಿಸಿದರು. ಮನೆಯಲ್ಲಿ ಹಲ್ಲಿಲ್ಲದ ಹಿರಿಯರಿದ್ದರೆ ಮೊದಲ ಉಂಡೆ ಅವರಿಗೇ ಬಡಿಸಿ. ಅವರಿಗಿಂತ ಒಳ್ಳೆ ಪರೀಕ್ಷಕರು ಸಿಗಲ್ಲ.