ಎರಡು ಕಾರ್ಬುರೇಟರ್, ಒಂದೇ ಉಸಿರು

ಮಳವಳ್ಳಿ, ಬಂಡೂರಿನ ಕಡೆ ಹಳೇ ರಾಜ್‌ದೂತ್ 350 ಓಡಿಸುವ ಗೆಳೆಯರೇ, ನಮ್ಮ ಮೈಸೂರಿನ ಯೆಜ್ಡಿ ರೋಡ್‌ಕಿಂಗ್‌ಗೆ ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್, ಕಾರ್ಬುರೇಟರ್ ಒಂದೊಂದೇ. ನಿಮ್ಮ ಗಾಡಿಗೆ ಅವೂ ಎರಡೆರಡು. ಕುರಿಮಂದೆಯ ಹಿಂದೆ ನಿಧಾನಕ್ಕೆ ಹೋಗುವಾಗ ಎಂಜಿನ್ ಮುಗ್ಗರಿಸಿದರೆ ಎರಡು ಕಾರ್ಬುರೇಟರ್‌ಗಳ ಹೊಂದಾಣಿಕೆ ತಪ್ಪಿರಬಹುದು. ಮೊದಲು ಪ್ಲಗ್, ಪಾಯಿಂಟ್, ಟೈಮಿಂಗ್ ನೋಡಿ. ಅವು ಕೆಟ್ಟಿದ್ದರೆ ಕಾರ್ಬುರೇಟರ್ ಮುಟ್ಟಿ ಪ್ರಯೋಜನವಿಲ್ಲ. ಆಮೇಲೆ ಎಂಜಿನ್ ಆರಿಸಿ, ಏರ್ ಫಿಲ್ಟರ್ ಕಡೆಯ ರಬ್ಬರ್ ಬಿಚ್ಚಿ, ಎರಡೂ ಕಾರ್ಬುರೇಟರ್‌ಗಳ ಬಾಯಿಯೊಳಗಿನ ಸ್ಲೈಡ್‌ಗೆ ಬೆರಳಿಟ್ಟುಕೊಳ್ಳಿ. ಜೊತೆಯವರು ಆಕ್ಸಿಲರೇಟರ್ ಮೆಲ್ಲಗೆ ತಿರುಗಿಸಲಿ. ಎರಡೂ ಸ್ಲೈಡ್ ಒಟ್ಟಿಗೇ ಏಳಬೇಕು, ಕೂದಲೆಳೆಯಷ್ಟೂ ಹಿಂದುಮುಂದಾಗಬಾರದು. ಹಾಗೇನಾದರೂ ಆದರೆ ಕೇಬಲ್ ಅಡ್ಜಸ್ಟರ್‌ನಲ್ಲಿ ಸರಿಮಾಡಿ. ಇದಕ್ಕೆ ಬೆರಳಿಗಿಂತ ನಂಬಿಕಸ್ಥ ಸಾಧನ ನಾನು ಕಂಡಿಲ್ಲ. ಕೊನೆಗೆ ಆಯಿಲ್ ಪಂಪ್ ಕೇಬಲನ್ನು ಮರೆಯದೆ ನೋಡಿ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.