‘ಕಾದಂಬರಿ’ ಎಂಬ ಹೆಸರು ಎಲ್ಲಿಂದ ಬಂತು?

ಹಿಂದಿಯಲ್ಲಿ ಪ್ರೇಮಚಂದರ ‘ಗೋದಾನ್’ ಒಂದು ಉಪನ್ಯಾಸ. ನಮ್ಮಲ್ಲಿ ಉಪನ್ಯಾಸ ಅಂದರೆ ಯಾರಾದರೂ ಮೈಕಿನ ಮುಂದೆ ನಿಂತು ಮಾತಾಡೋದು! ಅವರು ಉಪನ್ಯಾಸ ಅನ್ನುವುದನ್ನೇ ನಾವು ಕಾದಂಬರಿ ಅನ್ನುತ್ತೇವೆ. ಕಥೆ, ಕವನ, ನಾಟಕದ ಹಾಗೆ ಇದೂ ಒಂದು ಸಾಹಿತ್ಯ ಪ್ರಕಾರ. ಪ್ರಕಾರ ಎಂದರೆ ಬರವಣಿಗೆಯ ಜಾತಿ.

ಕಾದಂಬರಿ ನಿಜಕ್ಕೂ ಒಬ್ಬ ಹುಡುಗಿ. 7ನೇ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟ ಸಂಸ್ಕೃತ ಗದ್ಯದಲ್ಲಿ ಬರೆದ ಕೃತಿಯ ನಾಯಕಿ, ಗಂಧರ್ವ ರಾಜಕುಮಾರಿ. ಮುಗಿಸುವ ಮೊದಲೇ ಬಾಣ ತೀರಿಕೊಂಡ; ಉಳಿದದ್ದನ್ನು ಮಗ ಬರೆದ. ಆಮೇಲೆ ನಾಗವರ್ಮ ಅದನ್ನು ಕನ್ನಡದಲ್ಲಿ ಚಂಪೂ ಮಾಡಿದ. 19ನೇ ಶತಮಾನದಲ್ಲಿ ಇಂಗ್ಲಿಷಿನಿಂದ ‘ನಾವೆಲ್’ ಬಂದಾಗ ಅದಕ್ಕೊಂದು ಹೆಸರು ಬೇಕಾಯಿತು. ಮರಾಠಿಯವರೂ ನಾವೂ ಈ ಹುಡುಗಿಯ ಹೆಸರನ್ನೇ ಇಡೀ ಜಾತಿಗೆ ಇಟ್ಟುಬಿಟ್ಟೆವು.

ತಮಾಷೆ ಏನು ಗೊತ್ತಾ? ಆ ಕಾಲದ ಲೆಕ್ಕದಲ್ಲಿ ಬಾಣನ ‘ಕಾದಂಬರಿ’ ಒಂದು ‘ಕಥೆ’, ಅವನದೇ ‘ಹರ್ಷಚರಿತ’ ‘ಆಖ್ಯಾಯಿಕೆ’. ನಾಯಕ ತನ್ನ ಸಂಗತಿಯನ್ನು ತಾನೇ ಹೇಳಿದರೆ ಆಖ್ಯಾಯಿಕೆ, ಬೇರೆಯವರು ಹೇಳಿದರೆ ಕಥೆ ಅಂತ ಭಾಮಹ ಬರೆದಿದ್ದಾನೆ. ದಂಡಿ ಒಪ್ಪಲಿಲ್ಲ. ಯಾರು ಹೇಳಿದರೇನು, ಜಾತಿ ಒಂದೇ, ಹೆಸರು ಮಾತ್ರ ಎರಡು ಅಂದ. ದಂಡಿಯ ಮಾತು ಕೇಳಲು ಚೆನ್ನಾಗಿದೆ. ಆದರೆ ಅಮರಕೋಶ ಇನ್ನೊಂದು ಗುರುತು ಕೊಡುತ್ತದೆ: ನಡೆದದ್ದನ್ನು ಹೇಳುವುದು ಆಖ್ಯಾಯಿಕೆ, ಕಟ್ಟಿ ಹೇಳುವುದು ಕಥೆ. ಓದುವವನಿಗೆ ಇದು ಮೊದಲೇ ತಿಳಿದಿರಬೇಕಲ್ವಾ? ಇಲ್ಲದಿದ್ದರೆ ಕಟ್ಟಿದ್ದನ್ನೇ ಚರಿತ್ರೆ ಅಂತ ನಂಬಿ ಕೂರುತ್ತೇವೆ. ಅದಕ್ಕೇ ನಾನು ದಂಡಿಯ ಕಡೆ ಪೂರ್ತಿ ಇಲ್ಲ.

ಈಗ ನಮ್ಮ ತರಗತಿಯ ಜಗಳಕ್ಕೆ ಬರೋಣ. ಕನ್ನಡದ ಮೊದಲ ಕಾದಂಬರಿ ಯಾವುದು? ಕೆಲವರು ಕೆಂಪುನಾರಾಯಣನ ‘ಮುದ್ರಾಮಂಜೂಷ’ (1823) ಅನ್ನುತ್ತಾರೆ. ಉದ್ದದ ಗದ್ಯಕಥೆ ಎಂಬುದಷ್ಟೇ ಗುರುತಾದರೆ ಅದು ಸರಿಯೇ. ಆದರೆ ಅದರಲ್ಲಿರುವುದು ಚಾಣಕ್ಯ, ಚಂದ್ರಗುಪ್ತ, ಅಮಾತ್ಯ ರಾಕ್ಷಸ. ವಿಶಾಖದತ್ತನ ಹಳೆಯ ನಾಟಕದಲ್ಲಿ ಬಂದವರೇ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಹಾಗಲ್ಲ. ಎಳೆಯ ವಿಧವೆಯೊಬ್ಬಳು ಓದು ಕಲಿತು ಮತ್ತೆ ಮದುವೆಯಾಗುತ್ತಾಳೆ. ರಾಜ ಇಲ್ಲ, ಯುದ್ಧ ಇಲ್ಲ, ಅಕ್ಕಪಕ್ಕದ ಮನೆಯವರೇ ಪಾತ್ರಗಳು. ಇದನ್ನು ಚಂಪೂವಿನಲ್ಲೋ ಷಟ್ಪದಿಯಲ್ಲೋ ಹೇಳುವುದು ಹೇಗೆ? ಹೇಳುವ ಸಂಗತಿ ಹೊಸದಾದಾಗ ಹಳೆಯ ಅಚ್ಚು ಸಾಲುವುದಿಲ್ಲ, ಹೊಸ ಪ್ರಕಾರ ಹುಟ್ಟುತ್ತದೆ. ಆದ್ದರಿಂದ ನನ್ನ ಮತ ಇಂದಿರಾಬಾಯಿಗೆ.

ಪರೀಕ್ಷೆಯಲ್ಲಿ ‘ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ’ ಅಂತ ಕೇಳಿದರೆ ಅದನ್ನೇ ಧೈರ್ಯವಾಗಿ ಬರೆಯಿರಿ. ಬರೀ ‘ಮೊದಲ ಕಾದಂಬರಿ’ ಅಂತ ಕೇಳಿದರೆ ಏನು ಬರೆಯಬೇಕು ಅನ್ನುವುದನ್ನು ನಮ್ಮ ಕನ್ನಡ ಮೇಷ್ಟ್ರು ಇದೇ ಹಾಳೆಯ ಕೆಳಗೆ ಬರೆದು ತಿಳಿಸಬೇಕೆಂದು ವಿನಂತಿ. ಜಾಗ ಬಿಟ್ಟಿದ್ದೇನೆ.